ಜೋಡಿಗಳ ಕೋಣೆ: ಕಾರವಾರದ ನಮ್ಮ ಕೇಂದ್ರದ ಅನುಭವ

ಅಂಗವಿಕಲ ದಂಪತಿಗೆ ಬೇರೆ ಕೋಣೆ ಕೊಟ್ಟರೆ ರಾತ್ರಿ ಬೀಳುತ್ತಾರೆ, ಆಮೇಲೆ ಹೊಣೆ ಯಾರದು? ಕಮಿಟಿಯವರೂ ಮನೆಯವರೂ ಎತ್ತಿದ ತಕರಾರು ಇದು. ಆದರೂ ಕೋಣೆ ಕೊಟ್ಟೆವು, ಮಳೆಗಾಲವೂ ದಾಟಿತು. ಬಿದ್ದವರಿಲ್ಲ, ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆದವರಿಲ್ಲ. ಕೋಣೆ ಕೊಡುವುದೇನೂ ಕಷ್ಟವಲ್ಲ. ಮಂಚ ಏರಲು, ಚಿಲಕ ಹಾಕಲು, ಮಗ್ಗುಲು ಬದಲಿಸಲು ಆಯಾಳನ್ನೇ ಕರೆಯಬೇಕಾದರೆ ಅದು ಗಂಡಹೆಂಡಿರ ಕೋಣೆ ಹೇಗಾದೀತು? ನಾವು ದುಡ್ಡು ಹಾಕಿದ್ದೆಲ್ಲ ಈ ಮೂರಕ್ಕೆ.

ಮೊದಲು ಮಂಚ. ಎರಡು ಆಸ್ಪತ್ರೆ ಮಂಚ ಜೋಡಿಸಿದರೆ ನಡುವೆ ನಾಲ್ಕು ಇಂಚು ಸಂದು ಉಳಿಯುತ್ತದೆ. ಅದಕ್ಕೆ ತುರುಕಿದ ಫೋಮ್ ವಾರದೊಳಗೆ ಕೆಳಗೆ ಜಾರಿತು. ಒಬ್ಬರಿಗೆ ಏರ್‌ಬೆಡ್, ಇನ್ನೊಬ್ಬರಿಗೆ ಫೋಮ್ ಹಾಕಿದಾಗ ಎತ್ತರ ಹೊಂದಲಿಲ್ಲ, ಪಂಪಿನ ಸದ್ದು ಬೇರೆ, ಜುಲೈಯಲ್ಲಿ ಕರೆಂಟ್ ಹೋದರೆ ಗಾಳಿಯೂ ಹೋಗುತ್ತದೆ. ಕೊನೆಗೆ ಗಾಲಿ ಕಿತ್ತು, ಎರಡನ್ನೂ ವೆಲ್ಡಿಂಗ್ ಮಾಡಿಸಿ, ನಾಲ್ಕಿಂಚು ಗಟ್ಟಿ ಫೋಮಿನ ಮೇಲೆ ಎರಡಿಂಚು ಮೆತ್ತನೆಯದು ಹಾಸಿದೆವು. ಗಾಯ ಈಗಾಗಲೇ ಇರುವವರಿಗೆ ಇದು ಸಾಲದು, ಅವರಿಗೆ ಏರ್‌ಬೆಡ್ಡೇ ಬೇಕು. ಎತ್ತರವನ್ನು ಖಾಲಿ ಮಂಚದಲ್ಲಿ ಅಳೆಯಬೇಡಿ. ಆ ವ್ಯಕ್ತಿಯನ್ನು ಕೂರಿಸಿ, ಹಾಸಿಗೆ ಕುಗ್ಗಿದ ಮೇಲೆ ಅಳೆಯಿರಿ. ಕುಶನ್ ಸಮೇತ ವೀಲ್‌ಚೇರಿನ ಸೀಟಿಗೆ ಸಮ ಬರಬೇಕು, ನಮ್ಮಲ್ಲಿ ಸುಮಾರು 20 ಇಂಚು. ನಟ್ಟುಬೋಲ್ಟು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸಾದಾ ಕಬ್ಬಿಣ ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ಮಂಚದ ಕಾಲು ಜಾರದಂತೆ ನಿಲ್ಲಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇವೆ.

ವೀಲ್‌ಚೇರಿನಿಂದ ಮಂಚಕ್ಕೆ ಜಾರಿಕೊಂಡು ಹೋಗುವ ಜಾರುಹಲಗೆ 18 ಎಂಎಂ ಪ್ಲೈವುಡ್, ಸುಮಾರು 28 ಇಂಚು ಉದ್ದ, ಒಂಬತ್ತು ಅಗಲ, ಎರಡೂ ತುದಿ ತೆಳ್ಳಗೆ ಉಜ್ಜಿದ್ದು. ಸೆಕೆಯಲ್ಲಿ ಬರಿಮೈ ಅಂಟಿ ಚರ್ಮ ಕೀಳುತ್ತದೆ, ದಿಂಬಿನ ಚೀಲ ತೊಡಿಸಿದರೆ ಸರಾಗ. ಮಗ್ಗುಲಾಗಲು ಕಟ್ಟಿದ ಹತ್ತಿಪಟ್ಟಿಗೆ ಬೂಷ್ಟು ಬಂತು. ಬೈತಖೋಲ್ ಬಂದರಿನ ಬಲೆಹಗ್ಗ ತಂದು ಏಳೆಂಟು ಗಂಟು ಹಾಕಿ ಕಟ್ಟಿದ್ದು ಇವತ್ತಿಗೂ ಗಟ್ಟಿ. ಕೈಬಲ ಇರುವವರು ಅದನ್ನು ಹಿಡಿದು ತಾವೂ ಹೊರಳಿ, ಜೊತೆಯವರನ್ನೂ ಹೊರಳಿಸುತ್ತಾರೆ. ಎರಡು ತಾಸಿಗೊಮ್ಮೆ ಆಯಾ ಒಳಗೆ ಬರುವುದು ನಿಂತದ್ದು ಇದರಿಂದ. ಚರ್ಮ ನೋಡುವುದು ಬೆಳಿಗ್ಗೆ.

ಚಿಲಕ ಒಳಗಿನಿಂದ ತಿರುಗಿಸುವಂಥದ್ದು, ಆಪತ್ತಿಗೆ ಹೊರಗಿನಿಂದ ನಾಣ್ಯದಲ್ಲಿ ತೆರೆಯುವಂಥದ್ದು. ಬೆರಳು ಬಗ್ಗದವರಿಗೆ ಅದರ ಗುಬ್ಬಿಗೆ ನಾಲ್ಕಿಂಚಿನ ಹಿತ್ತಾಳೆ ಪಟ್ಟಿ ಬೆಸೆದರೆ ಮುಂಗೈಯಲ್ಲೇ ತಳ್ಳಬಹುದು. ಮರದ ಕದ ಜೂನ್‌ನಲ್ಲಿ ಉಬ್ಬಿ ಕಚ್ಚಿಕೊಂಡಿತು, ನೆಲದ ಹಳಿಯ ಜಾರುಬಾಗಿಲಿಗೆ ಮರಳು ತುಂಬಿತು. ಮೇಲಿನಿಂದ ತೂಗುಬಿಟ್ಟ ಬಾಗಿಲೇ ಸರಿ, 900 ಎಂಎಂ ದಾರಿ ಬಿಟ್ಟು. ಕರೆಗಂಟೆ ದಂಪತಿಯ ಕೈಯಲ್ಲಿರಲಿ. ಗಂಟೆ ಬಾರದೆ ಯಾರೂ ಬಾಗಿಲು ಮುಟ್ಟಬಾರದು.

ಆಯಾಗಳು ಹೇಳಲು ನಾಚುವ ಮಾತುಗಳನ್ನು ನಾವು ಬಾಯಿಬಿಟ್ಟೇ ಹೇಳುತ್ತೇವೆ. ಗಂಡಹೆಂಡಿರು ಕೂಡುವ ಎರಡು ತಾಸು ಮುಂಚಿನಿಂದ ನೀರು ಕಡಿಮೆ, ಮೂತ್ರಚೀಲ ಖಾಲಿ, ಕ್ಯಾಥೆಟರ್ ನಳಿಕೆಯನ್ನು ಹೊಟ್ಟೆಗೋ ತೊಡೆಗೋ ಟೇಪಿನಿಂದ ಅಂಟಿಸಿ, ಮಡಚಬಾರದು. ನಮ್ಮ ಕಡೆ ತೆಂಗಿನೆಣ್ಣೆ ಎಲ್ಲರ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ, ಅದು ತಾಗಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ. ಕ್ಯಾಥೆಟರಿಗೆ ಬಳಸುವ ಲಿಗ್ನೋಕೇನ್ ಜೆಲ್ಲಿಯೂ ಬೇಡ, ಇಬ್ಬರಿಗೂ ಜೋಮು ಹಿಡಿಸುತ್ತದೆ. ನೀರಿನ ಅಂಶದ ಸಾದಾ ಜೆಲ್ಲಿ ತನ್ನಿ. ಬೆನ್ನುಹುರಿಗೆ ಟಿ6 (ಎದೆಮಟ್ಟದ ಆರನೇ ಮೂಳೆ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಮ್ಮೆಲೇ ಬಿಪಿ ಏರಿ ತಲೆ ಸಿಡಿದು ಮುಖ ಬೆವರಿದರೆ ಅಲ್ಲಿಗೇ ನಿಲ್ಲಿಸಿ, ಎದ್ದು ಕೂರಿಸಿ, ಗಂಟೆ ಒತ್ತಿ, ನಳಿಕೆ ಕಟ್ಟಿಕೊಂಡಿದೆಯೇ ನೋಡಬೇಕು. ಬಿಪಿ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ.

ಒಪ್ಪಿಗೆಯನ್ನು ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳುತ್ತೇವೆ, ಮನೆಯವರ ಎದುರಿಗಲ್ಲ. ಮಾತು ತೊದಲುವವರ ಜೊತೆ ಅವರ ಮಾತು ಬಲ್ಲವರೇ ಕೂರಬೇಕು. ‘ಮೊದಲು ಮಕ್ಕಳಾಗದಂತೆ ಆಪರೇಷನ್ ಮಾಡಿಸಿ’ ಎಂದು ಒಂದು ಮನೆಯವರು ಹಟ ಹಿಡಿದಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 10 ತೋರಿಸಿದೆವು. ಆ ವ್ಯಕ್ತಿಯ ಸ್ವಂತ, ತಿಳಿದುಕೊಟ್ಟ ಒಪ್ಪಿಗೆ ಇಲ್ಲದೆ ಅದು ಸಲ್ಲದು.

ಖರ್ಚು ಒಂದು ಕೋಣೆಗೆ ಮೂವತ್ತು ಸಾವಿರದ ಆಸುಪಾಸು. ಬಾಗಿಲಿಗೆ ಹನ್ನೆರಡು, ಮಂಚ ಹಾಸಿಗೆಗೆ ಹದಿನಾಲ್ಕು, ಹಲಗೆ ಸಾವಿರದೊಳಗೆ, ಉಳಿದದ್ದು ಗಂಟೆ, ಚಿಲಕ, ಕೂಲಿ. ಹಗ್ಗಕ್ಕೆ ದೋಣಿಯವರು ದುಡ್ಡು ತೆಗೆದುಕೊಳ್ಳಲಿಲ್ಲ.