ಮಳೆಗಾಲಕ್ಕೆ ನಿಲ್ಲಿಸುವ ಹಳೆಯ ಅಂಬಾಸಿಡರ್‌ಗೆ ಇಲಿ ಹೊಗದಂತೆ ಮಾಡುವುದು ಹೇಗೆ?

ಮಲೆನಾಡಿನಲ್ಲಿ ಹಳೆಯ ಅಂಬಾಸಿಡರ್ ಇಟ್ಟುಕೊಂಡವರು ಜೂನ್‌ನಲ್ಲಿ ಅದನ್ನು ಷೆಡ್ಡಿಗೆ ಸೇರಿಸಿ, ಮೇಲೊಂದು ಟಾರ್ಪಾಲು ಹೊದಿಸಿ, ನಾಲ್ಕು ನ್ಯಾಫ್ತಲೀನ್ ಗುಳಿಗೆ ಎಸೆದು ಸುಮ್ಮನಾಗುವುದನ್ನು ಹಲವು ವರ್ಷ ನೋಡಿದ್ದೇನೆ. ದೀಪಾವಳಿಗೆ ತೆಗೆದರೆ ವೈರಿಂಗ್ ತುಂಡಾಗಿರುತ್ತದೆ, ಸೀಟಿನೊಳಗೆ ಇಲಿಮರಿಗಳಿರುತ್ತವೆ. 2014ರಲ್ಲಿ ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತ ಮೇಲೆ ಈ ನಷ್ಟ ತುಂಬಿಕೊಳ್ಳುವುದು ಸುಲಭವಲ್ಲ.

ಮೊದಲು ಭತ್ತ, ಹಿಂಡಿ, ಹುಲ್ಲನ್ನು ಷೆಡ್ಡಿನಿಂದ ಹೊರಗೆ ಸಾಗಿಸಿ, ಕಾರಿನ ಒಳಗನ್ನು ಗುಡಿಸಿ, ಬ್ಯಾಟರಿ ಕಳಚಿಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕತ್ತಲಾದ ಮೇಲೆ ಒಬ್ಬರು ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂರಬೇಕು. ಇನ್ನೊಬ್ಬರು ಎಂಜಿನ್ ಕಡೆಯಿಂದಲೂ ಕಾರಿನ ಅಡಿಯಿಂದಲೂ ನಿಧಾನವಾಗಿ ಟಾರ್ಚ್ ಹಾಯಿಸಬೇಕು. ಒಳಗೆ ಬೆಳಕು ಕಂಡ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಪೆನ್ಸಿಲ್ ತೂರುವಷ್ಟು ಸಂದಿಯಿದ್ದರೆ ಸುಂಡಿಲಿಗೆ ಅದೇ ಬಾಗಿಲು. ವೈರುಗಳ ಕಟ್ಟು, ಸ್ಪೀಡೋಮೀಟರ್ ಕೇಬಲ್ ಮತ್ತು ಸ್ಟೀರಿಂಗ್ ಕಂಬ ತಗಡನ್ನು ದಾಟುವಲ್ಲಿ ರಬ್ಬರ್ ಬುಷ್ ಒಣಗಿ ಸೀಳಿದ್ದರೆ ಹೊಸದು ಹಾಕಿಸಿ. ಉಳಿದ ಸಂದಿಗಳಿಗೆ ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ. ಸಾಮಾನ್ಯ ಕಬ್ಬಿಣದ ನಾರು ನಮ್ಮ ತೇವಕ್ಕೆ ತುಕ್ಕು ಹಿಡಿದು ಉದುರಿಹೋಗುತ್ತದೆ. ಡಬ್ಬಿಯಲ್ಲಿ ಬರುವ ಫೋಮ್ ಕೊಳ್ಳಲೇಬೇಡಿ, ಇಲಿ ಅದನ್ನು ಕಡಿದು ಒಳನುಗ್ಗುತ್ತದೆ. ಸೈಲೆನ್ಸರ್ ಕೊಳವೆಗೂ ಏರ್ ಫಿಲ್ಟರ್ ಬಾಯಿಗೂ 6 ಮಿ.ಮೀ.ಗಿಂತ ದೊಡ್ಡ ಕಣ್ಣಿಲ್ಲದ ತಂತಿ ಜಾಲರಿ ಕಟ್ಟಿ. ಬಾಗಿಲುಗಳ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಒಳಗೆ ನೀರು ನಿಂತು ತಗಡು ಕೊಳೆಯುತ್ತದೆ. ಕೊನೆಗೆ, ಏನೇನು ಕಟ್ಟಿದ್ದೀರೆಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ಸೈಲೆನ್ಸರ್ ಮುಚ್ಚಿರುವುದನ್ನು ಮರೆತು ಯಾರೂ ಎಂಜಿನ್ ಚಾಲೂ ಮಾಡಬಾರದು.

ಬಾನೆಟ್ ತೆರೆದೇ ಇರಲಿ, ಬೆಳಕು ಗಾಳಿ ಆಡುವ ಜಾಗದಲ್ಲಿ ಇಲಿ ಗೂಡು ಕಟ್ಟಲು ಹಿಂಜರಿಯುತ್ತದೆ. ಟಾರ್ಪಾಲಿನ ಬದಲು ಹತ್ತಿ ಬಟ್ಟೆ ಹೊದಿಸಿ. ಚಕ್ರಕ್ಕೆ ಅಡ್ಡವಾಗಿ ಕಲ್ಲನ್ನೇ ಇಡಿ, ಮರದ ತುಂಡಿಟ್ಟರೆ ಗೆದ್ದಲು ಬರುತ್ತದೆ.

ವಿಷ ಇಡುವುದನ್ನು ನಾನು ಒಪ್ಪುವುದಿಲ್ಲ. ವಿಷ ತಿಂದ ಇಲಿ ಸೀಟಿನೊಳಗೇ ಸತ್ತರೆ ಆ ವಾಸನೆ ತಿಂಗಳಾದರೂ ಹೋಗದು. ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯಬಹುದು. ಗೋಡೆಯ ಬುಡಕ್ಕೆ ಬೋನು ಇಟ್ಟು ದಿನವೂ ನೋಡಿ. ಹಿಕ್ಕೆ ಕಂಡರೆ ಒಣದಾಗಿ ಗುಡಿಸದೆ, ಕೈಗವಸು ಹಾಕಿಕೊಂಡು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಒರೆಸಿ ತೆಗೆಯಿರಿ. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ.