ಸಾವಿನ ದರ ಹೋಲಿಸುವ ಮುನ್ನ ವಯಸ್ಸು ಸರಿದೂಗಿಸುವುದು ಹೇಗೆ?

ಹುಟ್ಟು-ಸಾವುಗಳನ್ನು ಲೆಕ್ಕಹಾಕುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ 2020ರ ಅಂಕಿಗಳ ಪ್ರಕಾರ ಕೇರಳದಲ್ಲಿ ಸಾವಿರ ಜನರಿಗೆ 7 ಸಾವು, ಬಿಹಾರದಲ್ಲಿ 5.4. ಹಾಗಾದರೆ ಬಿಹಾರದವರ ಆರೋಗ್ಯ ಕೇರಳದವರಿಗಿಂತ ಚೆನ್ನಾಗಿದೆಯೇ? ಖಂಡಿತ ಇಲ್ಲ. ಅದೇ ವರ್ಷ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಂಡವು ಕೇರಳದಲ್ಲಿ 6, ಬಿಹಾರದಲ್ಲಿ 27. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಬಿಹಾರದಲ್ಲಿ ಮಕ್ಕಳು ಹೆಚ್ಚು. ಆ ವ್ಯತ್ಯಾಸ ಕಳೆಯದೆ ಹೋಲಿಸಿದರೆ, ಜನರನ್ನು ಮುಪ್ಪಿನವರೆಗೆ ಬದುಕಿಸಿದ ರಾಜ್ಯವೇ ತಪ್ಪಿತಸ್ಥನಂತೆ ಕಾಣುತ್ತದೆ. ಹೀಗಾಗದಂತೆ ಸಂಶೋಧಕರು ಮಾಡುವ ಕೆಲಸ ಇದು.

ಮೊದಲು, ವಯಸ್ಸು ಸರಿಯಾಗಿ ಕೇಳಿ

ಅತಿ ಕಷ್ಟದ ಹಂತ ಇದೇ. ಲೆಕ್ಕಾಚಾರವನ್ನು ಕಂಪ್ಯೂಟರ್ ಮಾಡೀತು, ಅಜ್ಜಿಯ ವಯಸ್ಸನ್ನು ಅದು ಹೇಳಲಾರದು. "ಒಂದು ಅರವತ್ತು ಇರಬಹುದಪ್ಪ" ಎಂಬ ಉತ್ತರವನ್ನೇ ಬರೆದುಕೊಂಡು ಎದ್ದು ಬರಬಾರದು. ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಮ್ಮಲ್ಲಿ ಎಷ್ಟೋ ಜನರ ಜನ್ಮದಿನ!

ಹಾಗಾಗಿ ಘಟನೆಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973, ತುರ್ತು ಪರಿಸ್ಥಿತಿಯ 1975, ಇಂದಿರಾ ಗಾಂಧಿ ಹತ್ಯೆಯಾದ 1984. ಇವಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುವುದು ಊರಿನವೇ ಘಟನೆಗಳು: ಕೆರೆ ಒಡೆದ ವರ್ಷ, ಕರೆಂಟು ಬಂದ ವರ್ಷ. "ಇಂದಿರಮ್ಮ ತೀರಿಕೊಂಡಾಗ ಚೊಚ್ಚಲ ಬಸುರಿ, ಮದುವೆ ಅದರ ಹಿಂದಿನ ವರ್ಷ, ಆಗ ನನಗೆ ಹದಿನೇಳು" ಎಂದರೆ ಹುಟ್ಟಿದ್ದು 1966ರ ಆಸುಪಾಸು. ಮಕ್ಕಳ ವಯಸ್ಸಿನೊಂದಿಗೂ ತಾಳೆ ನೋಡಿ. ಅರವತ್ತು ತುಂಬಿದೆಯೋ, ನಡೆಯುತ್ತಿದೆಯೋ ಎಂದು ಬಿಡಿಸಿ ಕೇಳಿ. ಬರೆದುಕೊಳ್ಳಬೇಕಾದದ್ದು ತುಂಬಿದ ವರ್ಷ.

ಆಮೇಲೆ, ಉತ್ತರಗಳನ್ನು ಪರೀಕ್ಷಿಸಿ

ಅಂದಾಜಿನಲ್ಲಿ ಹೇಳುವವರೆಲ್ಲ 40, 45, 50 ಎನ್ನುತ್ತಾರೆ, 43 ಎನ್ನುವವರು ಕಡಿಮೆ. ಇದನ್ನು ಅಳೆಯಲು ವಿಪ್ಪಲ್ ಸೂಚ್ಯಂಕವಿದೆ. 23ರಿಂದ 62 ವರ್ಷದವರಲ್ಲಿ 0 ಅಥವಾ 5ರಿಂದ ಕೊನೆಗೊಳ್ಳುವ ವಯಸ್ಸು ಹೇಳಿದವರನ್ನು ಎಣಿಸಿ, 5ರಿಂದ ಗುಣಿಸಿ, ಆ ವಯೋಮಾನದ ಒಟ್ಟು ಜನರಿಂದ ಭಾಗಿಸಿ, 100ರಿಂದ ಗುಣಿಸಿ. 100 ಬಂದರೆ ಅಂಥ ಒಲವೇ ಇಲ್ಲ. 175 ದಾಟಿದರೆ ಮಾಹಿತಿ ತೀರಾ ಒರಟು ಎಂದು ವಿಶ್ವಸಂಸ್ಥೆಯ ಮಾನದಂಡ ಹೇಳುತ್ತದೆ.

ಈಗ ಸರಿದೂಗಿಸಿ

ತಲಾ ಹತ್ತು ಸಾವಿರ ಜನರ ಎರಡು ಕಾಲ್ಪನಿಕ ಊರುಗಳನ್ನು ತೆಗೆದುಕೊಳ್ಳೋಣ. ಮೊದಲ ಊರಲ್ಲಿ 60 ದಾಟಿದವರು 2,000. ಕಿರಿಯರಲ್ಲಿ ಸಾವಿರಕ್ಕೆ 2, ಹಿರಿಯರಲ್ಲಿ ಸಾವಿರಕ್ಕೆ 40 ಸಾವು. ಒಟ್ಟು 96 ಸಾವು, ಅಂದರೆ ಸಾವಿರಕ್ಕೆ 9.6. ಎರಡನೇ ಊರಲ್ಲಿ ಹಿರಿಯರು 1,000 ಮಾತ್ರ. ಕಿರಿಯರಲ್ಲಿ ಸಾವಿರಕ್ಕೆ 3, ಹಿರಿಯರಲ್ಲಿ 55. ಒಟ್ಟು 82 ಸಾವು, ಸಾವಿರಕ್ಕೆ 8.2. ಎರಡೂ ವಯೋಗುಂಪುಗಳಲ್ಲಿ ಹೆಚ್ಚು ಸಾಯುತ್ತಿರುವ ಊರೇ ಒಟ್ಟು ದರದಲ್ಲಿ ಗೆದ್ದುಬಿಟ್ಟಿತು!

ಈಗ ಎರಡೂ ಊರಿಗೆ ಒಂದೇ ಮಾನಕ ಜನಸಂಖ್ಯೆ, ಅಂದರೆ ಹೋಲಿಕೆಗೆಂದೇ ಇಟ್ಟುಕೊಂಡ ಅಳತೆಗೋಲಿನ ಜನಸಂಖ್ಯೆ, ಇಡಿ: 8,500 ಕಿರಿಯರು, 1,500 ಹಿರಿಯರು. ಆಯಾ ಊರಿನ ದರಗಳನ್ನು ಇದಕ್ಕೆ ಹಚ್ಚಿದರೆ ಮೊದಲ ಊರಿಗೆ 7.7, ಎರಡನೆಯದಕ್ಕೆ 10.8. ನಿಜ ಸ್ಥಿತಿ ಹೊರಬಿತ್ತು. ನಿಜವಾದ ಅಧ್ಯಯನದಲ್ಲಿ ಎರಡರ ಬದಲು ಐದೈದು ವರ್ಷದ ಗುಂಪುಗಳಿರುತ್ತವೆ, ಅಷ್ಟೇ. 1982ರಿಂದ ಮಾಹಿತಿ ಕಲೆಹಾಕುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯ ದರಗಳನ್ನೂ ಹೀಗೆ ವಯಸ್ಸಿಗೆ ಹೊಂದಿಸಿಯೇ ಇತರ ನಗರಗಳೊಂದಿಗೆ ಹೋಲಿಸುತ್ತಾರೆ. ಮಾನಕ ಬದಲಾದರೆ ಅಂಕಿಯೂ ಬದಲಾಗುತ್ತದೆ. ಯಾವ ಮಾನಕ ಬಳಸಿದಿರೆಂದು ಬರೆಯದ ಕೋಷ್ಟಕ ಯಾರ ಉಪಯೋಗಕ್ಕೂ ಬಾರದು.

ಕೊನೆಗೆ, ವಯಸ್ಸೋ ತಲೆಮಾರೋ?

ವಯಸ್ಸಿನ ಗುಂಪುಗಳನ್ನೇ ಒಂದಕ್ಕೊಂದು ಹೋಲಿಸುವಾಗ ಇನ್ನೊಂದು ತೊಡಕಿದೆ: ಕಾಣುವ ವ್ಯತ್ಯಾಸ ವಯಸ್ಸಿನದೋ, ಹುಟ್ಟಿ ಬೆಳೆದ ಕಾಲದ್ದೋ? ಇಂದಿನ 30 ವರ್ಷದವರನ್ನೂ 70 ವರ್ಷದವರನ್ನೂ ಅಕ್ಕಪಕ್ಕ ಕೂರಿಸಿ ಬುದ್ಧಿಶಕ್ತಿ ಪರೀಕ್ಷೆ ಕೊಟ್ಟರೆ ಹಿರಿಯರು ಬಹಳ ಹಿಂದೆ ಬೀಳುತ್ತಾರೆ. ಅದಕ್ಕೆ ಮುಪ್ಪೊಂದೇ ಕಾರಣವಲ್ಲ, ಅವರಿಗೆ ಸಿಕ್ಕ ಶಾಲೆಯೂ ಕಡಿಮೆ. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ವಾರ್ನರ್ ಶೈ 1956ರಲ್ಲಿ ಅಧ್ಯಯನ ಆರಂಭಿಸಿ, ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸಿದರು. ಹಾಗೆ ಬೆನ್ನುಹತ್ತಿ ನೋಡಿದಾಗ ಇಳಿಕೆ ತೀರಾ ತಡವಾಗಿ, ಬಹುಮಟ್ಟಿಗೆ 60ರ ನಂತರವೇ, ಕಾಣಿಸಿತು. ನಮ್ಮಲ್ಲೂ ಈ ದಾರಿಯ ಅಧ್ಯಯನವಿದೆ, ಲಾಸಿ (LASI) ಎಂದು ಅದರ ಹೆಸರು. 45 ದಾಟಿದವರು, ಅವರ ಸಂಗಾತಿಗಳು ಸೇರಿ ಸುಮಾರು 72 ಸಾವಿರ ಮಂದಿಯ ಮೊದಲ ಸುತ್ತಿನ ಸಮೀಕ್ಷೆ 2017–18ರಲ್ಲಿ ನಡೆಯಿತು. ಅದೇ ಮನೆಗಳ ಬಾಗಿಲನ್ನು ಮುಂದೆಯೂ ತಟ್ಟುವುದು ಅದರ ಯೋಜನೆ.