ಸತ್ತ ಮಾಸ್ಟರ್‌ನ ನಂಬರ್ ತೊಳೆದು ಆಮೇಲೆ ಹೊಸದನ್ನು ತನ್ನಿ

ಕಚೇರಿಯ ಲಾಗಿನ್‌ಗಳೆಲ್ಲ 389 ಡೈರೆಕ್ಟರಿ ಸರ್ವರ್‌ನಲ್ಲಿವೆ, ಯಂತ್ರಗಳು ಮೂರು, ಮೂರೂ ಮಾಸ್ಟರ್ ಎಂದಿಟ್ಟುಕೊಳ್ಳಿ. ಯಾವುದರಲ್ಲಿ ಪಾಸ್‌ವರ್ಡ್ ಬದಲಿಸಿದರೂ ಉಳಿದೆರಡಕ್ಕೆ ಹೋಗುತ್ತದೆ. ಮೂರನೆಯದರ ಡಿಸ್ಕ್ ಕೈಕೊಟ್ಟಿತು. ಅವತ್ತು ಯಾರ ಕೆಲಸವೂ ನಿಲ್ಲುವುದಿಲ್ಲ. ಎಡವಟ್ಟಾಗುವುದು ಅದರ ಜಾಗಕ್ಕೆ ಹೊಸದನ್ನು ಕೂರಿಸುವಾಗ.

‘ಹಳೇ ಬ್ಯಾಕಪ್ ಇದೆಯಲ್ಲ, ಅದನ್ನೇ ಹಾಕೋಣ’ ಅನ್ನುವವರು ಇದ್ದೇ ಇರುತ್ತಾರೆ. ಪರ್ಜ್ ಡಿಲೇ (ಹಳೆಯ ಬದಲಾವಣೆಗಳ ವಿವರವನ್ನು ಸರ್ವರ್ ಇಟ್ಟುಕೊಳ್ಳುವ ಅವಧಿ) ಸಾಮಾನ್ಯವಾಗಿ 604800 ಸೆಕೆಂಡ್, ಅಂದರೆ 7 ದಿನ. ಅದಕ್ಕಿಂತ ಹಳೆಯ ಬ್ಯಾಕಪ್ ಈ ಕೆಲಸಕ್ಕೆ ಬಾರದು. ಹೊಸದಾಗಿದ್ದರೂ ನಾನು ಹಾಕುವುದಿಲ್ಲ. ಬದುಕಿರುವ ಎರಡು ಮಾಸ್ಟರ್ ಇರುವಾಗ ಬ್ಯಾಕಪ್ ಯಾಕೆ ಬೇಕು?

ಮೊದಲು, ಒಂದು ಮತ್ತು ಎರಡನೇ ಸರ್ವರ್‌ಗಳಿಂದ ಮೂರನೆಯದಕ್ಕೆ ಹೋಗುವ ರೆಪ್ಲಿಕೇಷನ್ ಅಗ್ರಿಮೆಂಟ್‌ಗಳನ್ನು (ಯಾರಿಗೆ ಬದಲಾವಣೆ ಕಳಿಸಬೇಕು ಎಂಬ ಸೆಟ್ಟಿಂಗ್) ಅಳಿಸಿ. ಸುಲಭದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು.

ಎರಡನೆಯದು ನಂಬರ್ ತೊಳೆಯುವುದು, ಅಂದರೆ ಸತ್ತ ಸರ್ವರ್‌ನ ಐಡಿಯನ್ನು ಉಳಿದವರ ಲೆಕ್ಕದಿಂದ ಅಳಿಸುವುದು. ಇಲ್ಲಿ ಅವಸರ ಬೇಡ. ಪ್ರತಿ ಮಾಸ್ಟರ್‌ಗೂ 1ರಿಂದ 65534ರೊಳಗೆ ಒಂದು ರೆಪ್ಲಿಕಾ ಐಡಿ ಇರುತ್ತದೆ. ಪ್ರತಿ ಬದಲಾವಣೆಗೂ ಬೀಳುವ ಸಿಎಸ್‌ಎನ್ ಎಂಬ 20 ಅಕ್ಷರದ ಮುದ್ರೆಯಲ್ಲಿ 13ರಿಂದ 16ನೇ ಅಕ್ಷರ ಆ ಐಡಿಯೇ. ‘0003’ ಕಂಡರೆ ಅದು ಮೂರನೇ ಸರ್ವರ್‌ನಲ್ಲಿ ಹುಟ್ಟಿದ್ದು. ಯಾರಿಂದ ಎಲ್ಲಿಯವರೆಗಿನ ಬದಲಾವಣೆ ಬಂದಿದೆ ಎಂಬ ಲೆಕ್ಕ ಪ್ರತಿ ಸರ್ವರ್‌ನ ಆರ್‌ಯುವಿ ಎಂಬ ಪಟ್ಟಿಯಲ್ಲಿರುತ್ತದೆ. ಯಂತ್ರವನ್ನು ಗುಜರಿಗೆ ಹಾಕಿದರೂ ಈ ಲೆಕ್ಕದಲ್ಲಿ 3 ಉಳಿದೇ ಇರುತ್ತದೆ, ಹೊಸ ಸರ್ವರ್‌ಗೂ ಅಂಟಿಕೊಳ್ಳುತ್ತದೆ.

ಒಂದು ಮತ್ತು ಎರಡರ ಆರ್‌ಯುವಿ ತೆಗೆದು, ಐಡಿ 3ರ ಎದುರಿನ ಕೊನೆಯ ಸಿಎಸ್‌ಎನ್ ಹೋಲಿಸಿ ನೋಡಿ. ಸಾಯುವ ಮುನ್ನ ಮೂರನೆಯದು ತನ್ನ ಕೊನೆಯ ಬದಲಾವಣೆಯನ್ನು ಒಬ್ಬರಿಗಷ್ಟೇ ಕಳಿಸಿರಬಹುದು. ಎರಡೂ ಕಡೆ ಒಂದೇ ಆಗುವವರೆಗೆ ಕಾಯಿರಿ. ಆಮೇಲೆ ಯಾವುದಾದರೂ ಒಂದೇ ಸರ್ವರ್‌ನಲ್ಲಿ ಐಡಿ 3ಕ್ಕೆ ಕ್ಲೀನ್‌ಆಲ್‌ಆರ್‌ಯುವಿ ಟಾಸ್ಕ್ ಓಡಿಸಿ. ಇನ್ನೊಂದಕ್ಕೆ ಅದೇ ಹೇಳಿಕೊಳ್ಳುತ್ತದೆ.

ಎರರ್ ಲಾಗ್‌ನಲ್ಲಿ ‘ಎಲ್ಲ ರೆಪ್ಲಿಕಾಗಳೂ ಆನ್‌ಲೈನ್ ಇಲ್ಲ, ಮತ್ತೆ ಪ್ರಯತ್ನಿಸುತ್ತೇನೆ’ ಎಂಬರ್ಥದ ಸಾಲು ಬರುತ್ತಲೇ ಇದ್ದರೆ, ಸತ್ತವನ ಅಗ್ರಿಮೆಂಟ್ ಎಲ್ಲೋ ಉಳಿದಿದೆ ಎಂದೇ ಮೊದಲು ಅನುಮಾನಿಸಿ. ಅದನ್ನು ಹುಡುಕಿ ಅಳಿಸುವುದು ಬಿಟ್ಟು ಜನ ಫೋರ್ಸ್ ಆಯ್ಕೆ ಒತ್ತುತ್ತಾರೆ. ಫೋರ್ಸ್ ಕೊಟ್ಟರೆ ಟಾಸ್ಕ್ ಯಾರಿಗೂ ಕಾಯುವುದಿಲ್ಲ, ತಲುಪಬೇಕಿದ್ದ ಬದಲಾವಣೆ ಅಲ್ಲಿಗೇ ಕಳೆದುಹೋಗಬಹುದು. ಐಡಿ 3 ಯಶಸ್ವಿಯಾಗಿ ತೊಳೆದಾಯಿತು ಎಂಬ ಸಾಲು ಎರಡೂ ಲಾಗ್‌ಗಳಲ್ಲಿ ಕಂಡ ಮೇಲೆ ಮುಂದಿನ ಮಾತು.

ಹೊಸ ಯಂತ್ರದಲ್ಲಿ ಸಾಫ್ಟ್‌ವೇರ್ ಹಾಕಿ, ಸರ್ಟಿಫಿಕೇಟ್ ಕೂರಿಸಿ, ಕ್ರೋನಿಯಿಂದ ಗಡಿಯಾರ ಸರಿಮಾಡಿ. ಹೆಸರು ಹಳೆಯದೇ ಇರಲಿ, ಅಪ್ಲಿಕೇಷನ್‌ಗಳನ್ನು ಮುಟ್ಟುವ ಗೋಜಿಲ್ಲ. ಐಡಿ ಮಾತ್ರ 4 ಕೊಡಿ. ತೊಳೆದ ಮೇಲೆ 3 ಕೊಟ್ಟರೂ ನಡೆಯುತ್ತದೆ ಎಂದು ವಾದಿಸುವವರಿದ್ದಾರೆ. ಅರವತ್ತೈದು ಸಾವಿರ ನಂಬರ್ ಇರುವಾಗ ಈ ಜಿಪುಣತನ ಯಾಕೋ ತಿಳಿಯದು. ಇನ್ನೊಂದು: ಇಂಡೆಕ್ಸ್‌ಗಳ (ಹುಡುಕಾಟ ಬೇಗ ಆಗಿಸುವ ಪಟ್ಟಿಗಳು) ಸೆಟ್ಟಿಂಗ್ ರೆಪ್ಲಿಕೇಷನ್‌ನಲ್ಲಿ ಬರುವುದಿಲ್ಲ ಎಂದು ಸತ್ತ ಸರ್ವರ್‌ನ ಸೆಟ್ಟಿಂಗ್‌ಗಳಿರುವ ಡಿಎಸ್‌ಇ ಫೈಲನ್ನೇ ಇಡಿಯಾಗಿ ತಂದು ಹಾಕಬೇಡಿ. ತೊಳೆದ 3 ಅದರೊಳಗೇ ಕೂತಿರುತ್ತದೆ. ಇಂಡೆಕ್ಸ್‌ಗಳನ್ನು ನೋಡಿಕೊಂಡು ಕೈಯಾರೆ ಸೇರಿಸಿ.

ಇನ್ನು ಡೇಟಾ ತುಂಬುವುದು. ಅಗ್ರಿಮೆಂಟ್ ಯಾರ ಹತ್ತಿರ ಇದೆಯೋ ಅವರು ತುಂಬುವವರು. ಇನಿಟ್ (ಡೇಟಾ ಮೊದಲಿಂದ ತುಂಬುವ ಆಜ್ಞೆ) ಕೊಟ್ಟ ಕೂಡಲೇ ಎದುರಿನವರ ಡೇಟಾ ಪೂರ್ತಿ ಅಳಿದು ಇವರದು ಕೂರುತ್ತದೆ. ಒಂದು ಕಚೇರಿಯಲ್ಲಿ ನಾನೇ ಪಕ್ಕದಲ್ಲಿ ಕೂತು ನೋಡಿದ್ದು: ಹುಡುಗ ಮೊದಲು ಹೊಸ ಸರ್ವರ್‌ನಿಂದ ಎರಡನೆಯದಕ್ಕೆ ಅಗ್ರಿಮೆಂಟ್ ಮಾಡಿದ. ‘ಜನರೇಷನ್ ಐಡಿ ಬೇರೆ’, ಅಂದರೆ ಎರಡರ ಡೇಟಾ ಒಂದೇ ಮೂಲದ್ದಲ್ಲ, ಎಂದು ಲಾಗ್ ಗೊಣಗಿತು. ಅದು ಇನಿಟ್ ಕೇಳುತ್ತಿದೆ ಎಂದುಕೊಂಡು ಅಲ್ಲೇ ಇನಿಟ್ ಒತ್ತಿದ. ‘ಸಾರ್, ಎಷ್ಟು ಬೇಗ ಮುಗೀತು ನೋಡಿ’ ಅಂದ. ಮುಗಿಯದೇ ಏನು, ಹೊಸದರಲ್ಲಿದ್ದದ್ದು ಬೇರಿನ ಎಂಟ್ರಿ ಒಂದೇ. ಎರಡನೇ ಸರ್ವರ್‌ನಲ್ಲೂ ಅದೊಂದೇ ಉಳಿಯಿತು. ಈಗ ಎರಡನೇ ಸರ್ವರ್‌ನ ಜನರೇಷನ್ ಐಡಿಯೂ ತನ್ನದಕ್ಕೆ ಹೊಂದುವುದಿಲ್ಲ ಎಂದು ಮೊದಲನೆಯದು ಮಾತು ನಿಲ್ಲಿಸಿದ್ದರಿಂದ ಅದರಲ್ಲಿದ್ದ ಡೇಟಾ ಬಚಾವಾಯಿತು.

ಆದ್ದರಿಂದ ಮೊದಲನೇ ಸರ್ವರ್‌ಗೆ ಲಾಗಿನ್ ಆಗಿ, ಯಾವ ಯಂತ್ರದಲ್ಲಿ ಕೂತಿದ್ದೀರಿ ಎಂದು ಪ್ರಾಂಪ್ಟ್‌ನಲ್ಲಿ ಹೆಸರು ಓದಿಕೊಂಡು, ಅಲ್ಲಿಂದ ಹೊಸದಕ್ಕೆ ಅಗ್ರಿಮೆಂಟ್ ಮಾಡಿ ಇನಿಟ್ ಕೊಡಿ. ಮುಗಿದದ್ದು ಸ್ಟೇಟಸ್‌ನಲ್ಲಿ ಕಂಡ ಮೇಲೆ ಎರಡನೆಯದರಿಂದ ಹೊಸದಕ್ಕೆ, ಹೊಸದರಿಂದ ಉಳಿದೆರಡಕ್ಕೆ ಅಗ್ರಿಮೆಂಟ್ ಮಾಡಿ. ಇವಕ್ಕೆ ಇನಿಟ್ ಬೇಡವೇ ಬೇಡ.

ಕೊನೆಗೆ ಪರೀಕ್ಷಾ ಖಾತೆಯೊಂದರ ವಿವರಣೆಯನ್ನು ಹೊಸ ಸರ್ವರ್‌ನಲ್ಲಿ ಬದಲಿಸಿ ಉಳಿದೆರಡರಲ್ಲಿ ನೋಡಿ, ಆಮೇಲೆ ಅಲ್ಲಿ ಬದಲಿಸಿ ಇಲ್ಲಿ ನೋಡಿ. ಎರಡೂ ದಾರಿ ಸರಿಯಿದ್ದರೆ ಲೋಡ್ ಬ್ಯಾಲೆನ್ಸರ್‌ಗೆ ಸೇರಿಸಬಹುದು. ಸೇರಿಸಿದ ಮೇಲೆ ಸ್ವಲ್ಪ ಹೊತ್ತು ಆಕ್ಸೆಸ್ ಲಾಗ್ ತೆರೆದಿಡಿ. ಸಾಲಿನ ಕೊನೆಗೆ ನೋಟ್ಸ್ ಎದುರು ‘ಎ’ ಅಥವಾ ‘ಯು’ ಬೀಳುತ್ತಿದ್ದರೆ ಯಾವುದೋ ಇಂಡೆಕ್ಸ್ ಮರೆತಿರಬಹುದು.